ಜ್ವರ ಇಳಿದ ಮೇಲಿನ ಎರಡು ದಿನ: ಡೆಂಗಿ ವೈರಸ್ಸಿನ ಒಂದು ಪ್ರೋಟೀನ್ ಮಕ್ಕಳಿಗೆ ಮಾಡುವುದೇನು?

ಮಳೆಗಾಲ ಶುರುವಾಯಿತೆಂದರೆ ವಿಜಯಪುರ, ಬಾಗಲಕೋಟೆಯ ಮಕ್ಕಳ ದವಾಖಾನೆಗಳಲ್ಲಿ ಒಂದೇ ಪ್ರಶ್ನೆ: ‘ಪ್ಲೇಟ್‌ಲೆಟ್ ಎಷ್ಟ್ ಅದಾವ್ರೀ ಸರ?’ ಲಕ್ಷಕ್ಕಿಂತ ಕೆಳಗೆ ಬಂತೋ, ಪಪ್ಪಾಯಿ ಎಲೆ, ಕಿವಿ ಹಣ್ಣು, ಆಡಿನ ಹಾಲಿಗಾಗಿ ಓಡಾಟ. ಆದರೆ ಡೆಂಗಿಯಲ್ಲಿ ಮಗುವಿನ ಜೀವಕ್ಕೆ ಕುತ್ತು ತರುವುದು ಬಹುಮಟ್ಟಿಗೆ ಪ್ಲೇಟ್‌ಲೆಟ್ ಕೊರತೆಯಲ್ಲ. ರಕ್ತದ ನೀರಿನಂಶವಾದ ಪ್ಲಾಸ್ಮಾ ನಾಳದ ಗೋಡೆ ದಾಟಿ ಹೊಟ್ಟೆಗೆ, ಎದೆಗೂಡಿಗೆ ಸೋರಿಹೋಗುವುದು. ಸೋರಿಕೆ ಯಾಕೆ ಎಂಬುದು ತಿಳಿಯಲು ಸುಮಾರು ಅರವತ್ತು ವರ್ಷ ಹಿಡಿಯಿತು.

1954ರಲ್ಲಿ ಮನಿಲಾದಲ್ಲಿ, 1958ರಲ್ಲಿ ಬ್ಯಾಂಕಾಕ್‌ನಲ್ಲಿ ಮಕ್ಕಳಿಗೆ ರಕ್ತಸ್ರಾವ ಮತ್ತು ಶಾಕ್ (ರಕ್ತದೊತ್ತಡ ಕುಸಿದು ಅಂಗಾಂಗಗಳಿಗೆ ರಕ್ತ ಸಾಲದಾಗುವ ಸ್ಥಿತಿ) ತರುವ ಹೊಸ ಬಗೆಯ ಜ್ವರ ಕಾಣಿಸಿಕೊಂಡಿತು. 1960ರ ದಶಕದಲ್ಲಿ ಬ್ಯಾಂಕಾಕ್‌ನಲ್ಲಿದ್ದ ಅಮೆರಿಕದ ವೈದ್ಯ ಸ್ಕಾಟ್ ಹಾಲ್‌ಸ್ಟೆಡ್ ಒಂದು ವಿಚಿತ್ರ ಗಮನಿಸಿದರು. ಬಿಗಡಾಯಿಸುತ್ತಿದ್ದವರು ಹೆಚ್ಚಾಗಿ ಎರಡನೇ ಸಲ ಡೆಂಗಿ ಬಂದ ಮಕ್ಕಳು, ಇಲ್ಲವೇ ಮೊದಲ ಸಲ ಸೋಂಕು ತಗುಲಿದ, ಇನ್ನೂ ವರ್ಷ ತುಂಬದ ಕೂಸುಗಳು. ಈ ಕೂಸುಗಳ ಮೈಯಲ್ಲಿ ತಾಯಿಯಿಂದ ಬಂದ ಡೆಂಗಿ ಪ್ರತಿಕಾಯಗಳಿದ್ದವು. ಅಂದರೆ, ಕಾಯಬೇಕಾದ ಪ್ರತಿಕಾಯವೇ ಎಡವಟ್ಟು ಮಾಡುತ್ತಿತ್ತು.

ಡೆಂಗಿ ವೈರಸ್ಸಿನಲ್ಲಿ ನಾಲ್ಕು ಬಗೆಗಳಿವೆ. ಒಂದು ಬಗೆಗೆ ಹುಟ್ಟಿದ ಪ್ರತಿಕಾಯ ಇನ್ನೊಂದಕ್ಕೆ ಅಂಟಿಕೊಳ್ಳುತ್ತದೆ, ಆದರೆ ಅದನ್ನು ನಿಷ್ಕ್ರಿಯಗೊಳಿಸಲಾರದು. ಮೊನೊಸೈಟ್ ಎಂಬ ಬಿಳಿ ರಕ್ತಕಣ ಆ ಪ್ರತಿಕಾಯದ ಬಾಲ ಹಿಡಿದು ವೈರಸ್ಸಿನ ಸಮೇತ ಒಳಗೆಳೆದುಕೊಳ್ಳುತ್ತದೆ. ವೈರಸ್‌ಗೆ ಬೇಕಾದದ್ದೂ ಅದೇ. ಅಲ್ಲೇ ಅದು ಬೆಳೆಯುತ್ತದೆ.

ಕ್ಯೂಬಾ ಇದಕ್ಕೆ ಸಾಕ್ಷಿ ಒದಗಿಸಿತು. ಅಲ್ಲಿ 1977ರಲ್ಲಿ ಒಂದನೇ ಬಗೆ, 1981ರಲ್ಲಿ ಎರಡನೇ ಬಗೆ ಹರಡಿತು. ಎರಡನೇ ಸಲ ಸತ್ತವರು 158 ಮಂದಿ, ಅವರಲ್ಲಿ 101 ಮಕ್ಕಳು. ಮೊದಲ ಅಲೆಯ ನಂತರ ಹುಟ್ಟಿದ ಒಂದೆರಡು ವರ್ಷದ ಮಕ್ಕಳು ಮಾತ್ರ ಹೆಚ್ಚುಕಡಿಮೆ ಪಾರಾದರು. 1997ರಲ್ಲಿ ಸ್ಯಾಂಟಿಯಾಗೊ ನಗರಕ್ಕೆ ಎರಡನೇ ಬಗೆ ಮತ್ತೆ ಬಂದಾಗ ಗಂಭೀರ ಸ್ಥಿತಿಗೆ ಹೋದವರು ವಯಸ್ಕರು. 1977ರ ಸೋಂಕು ಇದ್ದದ್ದು ಅವರಲ್ಲೇ ತಾನೆ!

ಆದರೂ ಒಂದು ಗಂಟು ಬಿಚ್ಚಿರಲಿಲ್ಲ. ಸೋರಿಕೆ ಜೋರಾಗುವ ಹೊತ್ತಿಗೆ ರಕ್ತದಲ್ಲಿ ವೈರಸ್ ಬಹುಪಾಲು ಕರಗಿರುತ್ತದೆ. ಹಾಗಾದರೆ ನಾಳಕ್ಕೆ ಏಟು ಕೊಡುವವರಾರು?

ಸಂಶಯ ಹೋದದ್ದು ಎನ್‌ಎಸ್‌1 ಎಂಬ ಪ್ರೋಟೀನ್ ಮೇಲೆ. ಇದು ವೈರಸ್ ಕಣದ ಭಾಗವಲ್ಲ. ಸೋಂಕು ತಗುಲಿದ ಜೀವಕೋಶ ಇದನ್ನು ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಆರು ಅಣುಗಳು ಸೇರಿ, ನಡುವೆ ಕೊಬ್ಬು ತುಂಬಿಕೊಂಡು ತೇಲುತ್ತವೆ. 2002ರಲ್ಲಿ ಥಾಯ್ ಮಕ್ಕಳ ಅಧ್ಯಯನವೊಂದು, ಜ್ವರ ಬಂದ 72 ಗಂಟೆಯೊಳಗೆ ಇದರ ಪ್ರಮಾಣ ಮಿಲಿಲೀಟರಿಗೆ 600 ನ್ಯಾನೋಗ್ರಾಂ ದಾಟಿದವರಲ್ಲಿ ಕಾಯಿಲೆ ಉಲ್ಬಣಿಸುವ ಸಂಭವ ಹೆಚ್ಚೆಂದು ತೋರಿಸಿತು. 2015ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಮತ್ತು ಅಮೆರಿಕದ ಬರ್ಕ್ಲಿ ತಂಡಗಳು ಒಟ್ಟೊಟ್ಟಿಗೆ ಫಲಿತಾಂಶ ಪ್ರಕಟಿಸಿದವು: ಎನ್‌ಎಸ್‌1 ಒಂದೇ, ವೈರಸ್ ಇಲ್ಲದೆಯೂ, ನಾಳ ಸೋರುವಂತೆ ಮಾಡಬಲ್ಲದು.

ಅದು ಎರಡು ದಾರಿಯಲ್ಲಿ ಕೆಲಸ ಮಾಡುತ್ತದೆ. ಮೊದಲನೆಯದು, ಮೊನೊಸೈಟ್ ಮತ್ತು ಅದೇ ಬಳಗದ ಮ್ಯಾಕ್ರೋಫೇಜ್‌ಗಳ ಮೇಲಿನ ಟಿಎಲ್‌ಆರ್‌4 ಗ್ರಾಹಕವನ್ನು ತಟ್ಟುವುದು. ಬ್ಯಾಕ್ಟೀರಿಯಾದ ವಿಷವನ್ನು ಗುರುತಿಸಲೆಂದು ಇರುವ ಗ್ರಾಹಕ ಇದು. ರಕ್ತದಲ್ಲಿ ಬ್ಯಾಕ್ಟೀರಿಯಾ ಸೇರಿತೆಂದು ತಿಳಿದ ಕಣಗಳು ಟಿಎನ್‌ಎಫ್, ಐಎಲ್‌-6ರಂಥ ಉರಿಯೂತದ ರಾಸಾಯನಿಕಗಳನ್ನು ಸುರಿಸುತ್ತವೆ. ಎರಡನೆಯದು ನೇರ ದಾಳಿ. ನಾಳದ ಒಳಮೈಗೆ ಗ್ಲೈಕೋಕ್ಯಾಲಿಕ್ಸ್ ಎಂಬ ಸಕ್ಕರೆಯಂಶದ ತೆಳು ಲೇಪವಿದೆ. ಎನ್‌ಎಸ್‌1 ತಾಗಿದರೆ ಒಳಮೈಯ ಜೀವಕೋಶಗಳೇ ಹೆಪರನೇಸ್, ಸಿಯಾಲಿಡೇಸ್ ಕಿಣ್ವಗಳನ್ನು ಚುರುಕುಗೊಳಿಸಿಕೊಂಡು ಲೇಪವನ್ನು ಕೆರೆದುಹಾಕುತ್ತವೆ. ನಾಳ ಒಡೆಯುವುದಿಲ್ಲ, ಗೋಡೆಯ ಸಂದುಗಳು ಸಡಿಲವಾಗುತ್ತವೆ ಅಷ್ಟೇ. ಅದಕ್ಕೇ 24ರಿಂದ 48 ಗಂಟೆಯಲ್ಲಿ ಸೋರಿಕೆ ತಾನಾಗಿ ನಿಲ್ಲುತ್ತದೆ. ಮಕ್ಕಳ ಸೂಕ್ಷ್ಮ ನಾಳಗಳು ಮೊದಲೇ ದೊಡ್ಡವರಿಗಿಂತ ಸಡಿಲ. ಶಾಕ್ ಅವರಲ್ಲಿ ಬೇಗ.

ನಮ್ಮ ಕಡೆ ಎರಡನೇ ಸೋಂಕಿಗೆ ದಾರಿ ಸಲೀಸು. ಬೆಳಗಾವಿಯ ಕೆಲವು ವಾರ್ಡುಗಳಿಗೆ 2008ರಲ್ಲೇ ದಿನವಿಡೀ ನೀರು ಬಂತು. ಆದರೆ ದಿನ ಬಿಟ್ಟು ದಿನ ನಳ ಬರುವ ಓಣಿಗಳಲ್ಲಿ ಹೌದ, ಬ್ಯಾರಲ್ ತುಂಬಿಡದೆ ವಿಧಿಯಿಲ್ಲ. ಆ ನೀರಿನಲ್ಲಿ ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು 7ರಿಂದ 10 ದಿನ ಸಾಕು. ನೀರು ಚೆಲ್ಲಿದರಷ್ಟೇ ಸಾಲದು: ಮೊಟ್ಟೆ ಗೋಡೆಗೆ ಅಂಟಿ, ಒಣಗಿಯೂ ತಿಂಗಳುಗಟ್ಟಲೆ ಬದುಕುತ್ತದೆ. ವಾರಕ್ಕೊಮ್ಮೆ ಒಳಗೋಡೆಯನ್ನು ಬ್ರಷ್ಷಿನಿಂದ ಉಜ್ಜಬೇಕು.

ಇದೇ ಎನ್‌ಎಸ್‌1 ಅನ್ನೇ ಲ್ಯಾಬಿನ ಪರೀಕ್ಷೆ ಹುಡುಕುತ್ತದೆ. 2024ರಲ್ಲಿ ರಾಜ್ಯ ಸರ್ಕಾರ ಖಾಸಗಿ ಲ್ಯಾಬುಗಳಿಗೆ ಎಲಿಸಾ ವಿಧಾನಕ್ಕೆ 300 ರೂಪಾಯಿ, ಕಾರ್ಡ್ ಟೆಸ್ಟಿಗೆ 250 ರೂಪಾಯಿ ದರ ಕಟ್ಟಿತು. ಪರೀಕ್ಷೆಯನ್ನು ಮೊದಲ ಐದು ದಿನದೊಳಗೆ ಮಾಡಿಸಬೇಕು. ಎರಡನೇ ಸೋಂಕಿನಲ್ಲಿ ಹಳೆಯ ಪ್ರತಿಕಾಯಗಳು ಎನ್‌ಎಸ್‌1 ಅನ್ನು ಮುತ್ತಿಕೊಳ್ಳುವುದರಿಂದ, ಹೆಚ್ಚು ಅಪಾಯದಲ್ಲಿರುವ ಮಗುವಿನಲ್ಲೇ ಫಲಿತಾಂಶ ‘ನೆಗೆಟಿವ್’ ಬರಬಹುದು. ಕಾರ್ಡ್ ನಂಬಿ ನಿಶ್ಚಿಂತರಾಗುವುದು ತಪ್ಪು.

ನೋಡಬೇಕಾದ್ದು ಹೆಮಟೋಕ್ರಿಟ್, ಅಂದರೆ ರಕ್ತದಲ್ಲಿ ಕೆಂಪು ಕಣಗಳ ಪಾಲು ಶೇಕಡ ಎಷ್ಟು ಎಂಬ ಅಂಕಿ. ಪ್ಲಾಸ್ಮಾ ಸೋರಿದರೆ ಉಳಿದ ರಕ್ತ ಮಂದವಾಗಿ ಈ ಅಂಕಿ ಏರುತ್ತದೆ. ಶೇ 20ರಷ್ಟು ಏರಿಕೆ ಸೋರಿಕೆಯ ಗುರುತು. 36 ಇದ್ದದ್ದು 43 ಆದರೆ ಎಲ್ಲರಿಗೂ ತಿಳಿಯುತ್ತದೆ. ರಕ್ತಹೀನತೆಯ ಮಗುವಿನಲ್ಲಿ 30 ಇದ್ದದ್ದು 36 ಆದರೆ ವರದಿ ‘ನಾರ್ಮಲ್’ ಎನ್ನುತ್ತದೆ. ಆದ್ದರಿಂದ ಜ್ವರದ ಮೊದಲ ದಿನಗಳಲ್ಲೇ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ ಆ ಚೀಟಿ ಜೋಪಾನ ಮಾಡಬೇಕು.

ಅಪಾಯದ ಗಳಿಗೆ ಜ್ವರ ಏರಿದಾಗಲ್ಲ, ಮೂರರಿಂದ ಏಳನೇ ದಿನದ ನಡುವೆ ಇಳಿದಾಗ. ‘ಜ್ವರ ಬಿಟ್ಟೈತಿ’ ಎಂದು ಶಾಲೆಗೆ ಕಳಿಸುವ ಹೊತ್ತಿಗೇ ಹೊಟ್ಟೆನೋವು, ಬಿಡದ ವಾಂತಿ, ಮಂಕು ಅಥವಾ ಕಿರಿಕಿರಿ, ಒಸಡಿನಲ್ಲಿ ರಕ್ತ, ತಣ್ಣನೆಯ ಕೈಕಾಲು ಕಂಡರೆ, ಆರು ತಾಸು ಮೂತ್ರ ಹೋಗದಿದ್ದರೆ, ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಅಲ್ಲಿಯವರೆಗೆ ಓಆರ್‌ಎಸ್, ಮಜ್ಜಿಗೆ, ಅಂಬಲಿ ಆಗಾಗ ಕುಡಿಸಬೇಕು. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ: ಕಿಲೋಗೆ 10ರಿಂದ 15 ಮಿ.ಗ್ರಾಂ, ಆರು ತಾಸಿನ ಅಂತರದಲ್ಲಿ. 15 ಕಿಲೋ ಮಗುವಿಗೆ 5 ಮಿ.ಲೀ.ನಲ್ಲಿ 250 ಮಿ.ಗ್ರಾಂ ಇರುವ ಸಿರಪ್ ಆದರೆ 3 ಮಿ.ಲೀ. ಸಾಕು. ಅದರ ಅರ್ಧ ಶಕ್ತಿಯ ಸಿರಪ್ಪೂ ಸಿಗುತ್ತದೆ, ಬಾಟಲಿ ಓದದೆ ಹಾಕಬಾರದು. ಐಬುಪ್ರೊಫೆನ್, ಆಸ್ಪಿರಿನ್ ಬೇಡವೇ ಬೇಡ; ಅವು ರಕ್ತಸ್ರಾವ ಹೆಚ್ಚಿಸುತ್ತವೆ.

ಅಪಾಯದ ಲಕ್ಷಣಗಳಿದ್ದು ಇನ್ನೂ ಶಾಕ್ ಆಗಿರದ ಮಗುವಿಗೆ ಸಲೈನ್ ಶುರುವಾಗುವುದು ಕಿಲೋಗೆ ತಾಸಿಗೆ 5ರಿಂದ 7 ಮಿ.ಲೀ. ಲೆಕ್ಕದಲ್ಲಿ, ಅಂದರೆ 15 ಕಿಲೋಗೆ 75ರಿಂದ 105. ಒಂದೆರಡು ತಾಸಿನ ಬಳಿಕ ಹೆಮಟೋಕ್ರಿಟ್, ನಾಡಿ, ಮೂತ್ರ ನೋಡಿ 3ರಿಂದ 5ಕ್ಕೆ ಇಳಿಸುತ್ತಾರೆ. ರಕ್ತಸ್ರಾವವಿಲ್ಲದಿದ್ದರೆ, ಪ್ಲೇಟ್‌ಲೆಟ್ 10,000ಕ್ಕಿಂತ ಕೆಳಗಿಳಿಯುವವರೆಗೆ ಸಾಮಾನ್ಯವಾಗಿ ಅದರ ಚೀಲ ಏರಿಸುವ ಅಗತ್ಯವಿಲ್ಲ. ಎರಡು ದಿನ ಕಳೆದ ಮೇಲೆ ಸೋರಿದ ನೀರು ತಾನೇ ನಾಳಕ್ಕೆ ಮರಳುತ್ತದೆ. ಆಗಲೂ ‘ಇನ್ನೊಂದು ಬಾಟ್ಲಿ ಹಚ್ಚ್ರೀ’ ಎಂದು ಒತ್ತಾಯಿಸಿದರೆ ನೀರು ಶ್ವಾಸಕೋಶ ಸೇರಿ ಮಗು ಏದುಸಿರು ಬಿಡುತ್ತದೆ. ಸಲೈನ್ ನಿಲ್ಲಿಸಿದ ವೈದ್ಯರೊಂದಿಗೆ ಜಗಳ ತೆಗೆಯಬೇಡಿ.