ಕಲ್ಲಿಗಿಂತ ಮಿಗಿಲಾದ ಗಾರೆ: ಎಡ್ಡಿಸ್ಟೋನ್ ದೀಪಸ್ತಂಭದ ಇತಿಹಾಸ

ಹಳೆಯ ಕಲ್ಲಿನ ಕಟ್ಟಡಗಳ ತಪಾಸಣೆಗೆ ಹೋದಾಗ ನಾನು ಮೊದಲು ಕೆದಕಿ ನೋಡುವುದು ಕಲ್ಲುಗಳ ನಡುವಿನ ಸಂದುಗಳನ್ನು. ನೀರಿಗೆ ಒಡ್ಡಿಕೊಂಡ ಗೋಡೆಯ ಆಯುಷ್ಯ ಬಹುಪಾಲು ಅಲ್ಲಿಯ ಗಾರೆಯನ್ನೇ ಅವಲಂಬಿಸಿರುತ್ತದೆ. ಇದನ್ನು ಮೊದಲಿಗೆ ಕ್ರಮಬದ್ಧವಾಗಿ ಪರೀಕ್ಷಿಸಿದವರಲ್ಲಿ ಹದಿನೆಂಟನೇ ಶತಮಾನದ ಇಂಗ್ಲಿಷ್ ಎಂಜಿನಿಯರ್ ಜಾನ್ ಸ್ಮೀಟನ್ ಪ್ರಮುಖ.

ಇಂಗ್ಲೆಂಡಿನ ಪ್ಲಿಮತ್‌ನಿಂದ ಸುಮಾರು 20 ಕಿ.ಮೀ. ದೂರದ ಸಮುದ್ರದಲ್ಲಿರುವ ಎಡ್ಡಿಸ್ಟೋನ್ ಬಂಡೆಗಳ ಮೇಲೆ ಹೆನ್ರಿ ವಿನ್‌ಸ್ಟನ್ಲಿ ಗೋಪುರ ಕಟ್ಟಿ 1698ರಲ್ಲಿ ದೀಪ ಹಚ್ಚಿದ್ದ. 1703ರ ಮಹಾ ಬಿರುಗಾಳಿ ಆ ಗೋಪುರವನ್ನೂ ಒಳಗಿದ್ದ ಅವನನ್ನೂ ಕೊಚ್ಚಿಕೊಂಡು ಹೋಯಿತು. ಅನಂತರ ಬಂದ, ಹೆಚ್ಚಾಗಿ ಮರದಿಂದಲೇ ಕಟ್ಟಿದ ಗೋಪುರ 1755ರಲ್ಲಿ ಸುಟ್ಟುಹೋಯಿತು.

ಆಮೇಲೆ ಕೆಲಸ ವಹಿಸಿಕೊಂಡ ಸ್ಮೀಟನ್, ಕಲ್ಲುಗಳು ಒಂದರೊಳಗೊಂದು ಕಚ್ಚಿಕೊಳ್ಳುವಂತೆ ಪಾರಿವಾಳದ ಬಾಲದ ಆಕಾರದಲ್ಲಿ ಅವುಗಳನ್ನು ಕೆತ್ತಿಸಿದ. ಎಲ್ಲರೂ ಹೊಗಳುವುದು ಈ ಕೆತ್ತನೆಯನ್ನೇ. ನನ್ನ ದೃಷ್ಟಿಯಲ್ಲಿ ಅದಕ್ಕಿಂತ ದೊಡ್ಡ ಸಾಧನೆ ಅವನ ಗಾರೆ. ಸಾಮಾನ್ಯ ಸುಣ್ಣ ಗಾಳಿಯಲ್ಲಿ ನಿಧಾನವಾಗಿ ಗಟ್ಟಿಯಾಗುತ್ತದೆ, ಅಲೆಗಳು ಅಷ್ಟು ಕಾಲ ಕಾಯುವುದಿಲ್ಲ. ಬೇರೆ ಬೇರೆ ಊರುಗಳ ಸುಣ್ಣದಿಂದ ಗಾರೆಯ ಉಂಡೆ ಕಟ್ಟಿ ನೀರಿಗೆ ಹಾಕಿ, ಯಾವುದು ಕರಗುತ್ತದೆ, ಯಾವುದು ನಿಲ್ಲುತ್ತದೆ ಎಂದು ಅವನು ನೋಡಿದ. ಸುಣ್ಣದಕಲ್ಲನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸಿದಾಗ, ನೀರಿನಲ್ಲಿ ಗಟ್ಟಿಯಾಗುವ ಸುಣ್ಣ ಕೊಡುವ ಕಲ್ಲುಗಳು ತಳದಲ್ಲಿ ಜೇಡಿಯನ್ನು ಉಳಿಸುವುದು ಕಂಡಿತು. ಗುಟ್ಟು ಆ ಜೇಡಿಯಲ್ಲಿತ್ತು. ವೇಲ್ಸ್‌ನ ಅಂಥ ಸುಣ್ಣಕ್ಕೆ, ಸುಣ್ಣವನ್ನು ನೀರಿನಲ್ಲೂ ಗಟ್ಟಿಯಾಗಿಸುವ ಇಟಲಿಯ ಜ್ವಾಲಾಮುಖಿ ಬೂದಿಯನ್ನು ಸಮಪಾಲು ಬೆರೆಸಿದ. (ನಮ್ಮ ಕನ್ನಂಬಾಡಿ ಕಟ್ಟೆಯ ಸುರ್ಕಿ ಗಾರೆಯಲ್ಲಿ ಸುಟ್ಟ ಜೇಡಿಮಣ್ಣಿನ ಪುಡಿ ಮಾಡುವುದೂ ಈ ಬೂದಿಯ ಕೆಲಸವನ್ನೇ.)

ಸುಮಾರು 22 ಮೀಟರ್ ಎತ್ತರದ ಆ ಗೋಪುರದಲ್ಲಿ 1759ರ ಅಕ್ಟೋಬರ್ 16ರಂದು 24 ಮೇಣದ ಬತ್ತಿಗಳು ಉರಿದವು. 1870ರ ದಶಕದ ಹೊತ್ತಿಗೆ ದೊಡ್ಡ ಅಲೆ ಬಡಿದಾಗಲೆಲ್ಲ ಗೋಪುರ ಅಲುಗತೊಡಗಿತ್ತು. ಆದರೆ ಪರಿಶೀಲಿಸಿದಾಗ ಕಟ್ಟಡ ಗಟ್ಟಿಯಾಗಿಯೇ ಇದ್ದು, ಅದು ನಿಂತಿದ್ದ ಬಂಡೆಯ ಬುಡವನ್ನು ಸಮುದ್ರ ಕೊರೆದಿರುವುದು ತಿಳಿಯಿತು. ಹೀಗಾಗಿ ಮೇಲ್ಭಾಗವನ್ನು ಬಿಚ್ಚಿ ಪ್ಲಿಮತ್‌ನ ದಡದಲ್ಲಿ ಮತ್ತೆ ಕಟ್ಟಿದರು. ಬುಡ ಬಂಡೆಯ ಮೇಲೆಯೇ ಉಳಿಯಿತು.

ಪಕ್ಕದ ಬಂಡೆಯ ಮೇಲೆ ಜೇಮ್ಸ್ ಡಗ್ಲಸ್ ಕಟ್ಟಿದ 49 ಮೀಟರ್ ಎತ್ತರದ ಗೋಪುರ 1882ರಲ್ಲಿ ಬೆಳಗಿತು. ಸ್ಮೀಟನ್‌ನ ಬಾಗಿದ ಬುಡದ ಮೇಲೆ ಅಲೆ ಜಾರಿಕೊಂಡು ದೀಪದವರೆಗೂ ಏರುತ್ತಿದ್ದುದರಿಂದ, ಡಗ್ಲಸ್ ತನ್ನ ಗೋಪುರಕ್ಕೆ ನೆಟ್ಟಗಿನ ಉರುಳೆಯಾಕಾರದ ದಪ್ಪ ಬುಡವನ್ನು ಕೊಟ್ಟ. ಅಲೆಯ ರಭಸ ಕೆಳಗೇ ಒಡೆಯುವಂತಾಯಿತು.