ದ್ವೀಪದ ಬಿಳಿ ಮರಳು ನಿಜಕ್ಕೂ ಮೀನಿನ ಹಿಕ್ಕೆಯಾ?

ಪ್ರಶ್ನೆ: ಮುಂದಿನ ತಿಂಗಳು ಮೊದಲ ಸಲ ಒಂದು ಹವಳದ ದ್ವೀಪಕ್ಕೆ ಹೊರಟಿದ್ದೇವೆ. ಅಲ್ಲಿನ ಬಿಳಿ ಮರಳೆಲ್ಲ ಮೀನಿನ ಹಿಕ್ಕೆ ಅಂತ ಗೆಳೆಯರೊಬ್ಬರು ಹೇಳಿದರು. ತಮಾಷೆಗೆ ಹೇಳಿದರೋ, ನಿಜವೋ ಗೊತ್ತಾಗಲಿಲ್ಲ. ಏನೇ ಆಗಿರಲಿ, ನೆನಪಿಗೆ ಒಂದು ಪುಟ್ಟ ಬಾಟಲಿ ಮರಳು ತರಬೇಕು ಅಂತ ಮಗಳಿಗೆ ಆಸೆ. ತರಬಹುದಾ?

ಉತ್ತರ: ನಿಮ್ಮ ಗೆಳೆಯರು ಹೇಳಿದ್ದು ನಿಜ. 'ಎಲ್ಲ' ಅನ್ನುವ ಮಾತು ಮಾತ್ರ ಸ್ವಲ್ಪ ಜಾಸ್ತಿಯಾಯಿತು. ಬಾಟಲಿಯ ವಿಷಯಕ್ಕೆ ಆಮೇಲೆ ಬರುತ್ತೇನೆ, ಮೊದಲು ಮೀನಿನ ಕಥೆ ಮುಗಿಸೋಣ.

ಈ ಮೀನಿಗೆ ಪ್ಯಾರಟ್‌ಫಿಶ್ ಅಂತ ಹೆಸರು. ನಾವು ಗಿಳಿಮೀನು ಅನ್ನೋಣ. ಹಲ್ಲುಗಳೆಲ್ಲ ಒತ್ತೊತ್ತಾಗಿ ಬೆಸೆದುಕೊಂಡು ಬಾಯಿ ಥೇಟ್ ಗಿಳಿಯ ಕೊಕ್ಕಿನ ಹಾಗಿರುತ್ತದೆ. ಮೈಬಣ್ಣವೂ ಅಷ್ಟೇ, ಹಸಿರು, ನೀಲಿ, ಅಲ್ಲಲ್ಲಿ ಗುಲಾಬಿ. ಒಂದು ಜಾತಿಯ ಗಿಳಿಮೀನಿನ ಬಾಯಲ್ಲಿ ವಿಜ್ಞಾನಿಗಳು ಎಣಿಸಿದಾಗ ಸಿಕ್ಕಿದ್ದು 15 ಸಾಲುಗಳಲ್ಲಿ ಸುಮಾರು 1,000 ಹಲ್ಲು. ಮುಂದಿನ ಸಾಲು ಸವೆದು ಬಿದ್ದ ಹಾಗೆ ಹಿಂದಿನದು ಮುಂದಕ್ಕೆ ಬರುತ್ತದೆ. ಕಲ್ಲು ಕಚ್ಚುವ ಕೆಲಸಕ್ಕೆ ಇಷ್ಟಾದರೂ ಬೇಕಲ್ಲ!

ಹೌದು, ಅದು ಕಚ್ಚುವುದು ಹವಳದ ಕಲ್ಲನ್ನು. ಆಸೆ ಮಾತ್ರ ಕಲ್ಲಿನ ಮೇಲೂ ಒಳಗೂ ಬೆಳೆದ ಪಾಚಿ, ಸೂಕ್ಷ್ಮಜೀವಿಗಳ ಮೇಲೆ. ಪಾಚಿಯನ್ನಷ್ಟೇ ನಾಜೂಕಾಗಿ ಬಿಡಿಸಿ ತಿನ್ನುವ ತಾಳ್ಮೆ ಅದಕ್ಕಿಲ್ಲ, ಕಲ್ಲು ಸಮೇತ ಕೆರೆದು ನುಂಗುತ್ತದೆ. ಗಂಟಲಿನಲ್ಲಿ ಇನ್ನೊಂದು ಜೊತೆ ಹಲ್ಲುಗಳಿವೆ. ಅವು ಬೀಸುವ ಕಲ್ಲಿನ ಹಾಗೆ ಕೆಲಸ ಮಾಡಿ ಬಂದಿದ್ದನ್ನೆಲ್ಲ ಪುಡಿ ಮಾಡುತ್ತವೆ. ಈ ಮೀನಿಗೆ ಜಠರವೇ ಇಲ್ಲ. ಪುಡಿ ನೇರವಾಗಿ ಕರುಳಿಗೆ ಹೋಗುತ್ತದೆ. ಪಾಚಿಯ ಸತ್ವವನ್ನು ಕರುಳು ಹೀರಿಕೊಳ್ಳುತ್ತದೆ, ಸುಣ್ಣದ ಪುಡಿ ಹೇಗಿತ್ತೋ ಹಾಗೇ ಹಿಂದಿನಿಂದ ಹೊರಗೆ ಬೀಳುತ್ತದೆ. ಅದೇ ಮರಳು.

ಒಂದು ದೊಡ್ಡ ಗಿಳಿಮೀನು ವರ್ಷಕ್ಕೆ ನೂರಾರು ಕಿಲೋ ಮರಳು ಮಾಡುತ್ತದೆ. ಇವುಗಳಲ್ಲೇ ಎಲ್ಲಕ್ಕಿಂತ ದೊಡ್ಡದೊಂದಿದೆ. ಹಣೆಯ ಮೇಲೆ ಗುಬುಟು, ಉದ್ದ ಒಂದು ಮೀಟರಿಗೂ ಜಾಸ್ತಿ. ಅದೊಂದೇ ವರ್ಷಕ್ಕೆ 5 ಟನ್ನಿನಷ್ಟು ಹವಳದ ಕಲ್ಲನ್ನು ನುಂಗುತ್ತದೆ ಎಂದು ಲೆಕ್ಕ ಹಾಕಿದ್ದಾರೆ. ಮಾಲ್ಡೀವ್ಸ್‌ನ ವಕ್ಕರು ಎಂಬ ದ್ವೀಪದ ಸುತ್ತ ಮರಳು ಎಲ್ಲೆಲ್ಲಿಂದ ಹುಟ್ಟುತ್ತದೆ ಎಂದು ಅಳೆದು ನೋಡಿದ ಅಧ್ಯಯನವೊಂದು 2015ರಲ್ಲಿ ಬಂತು. ಅಲ್ಲಿ ಹೊಸದಾಗಿ ತಯಾರಾಗುವ ಮರಳಿನಲ್ಲಿ ಶೇಕಡಾ 85ಕ್ಕೂ ಹೆಚ್ಚು ಗಿಳಿಮೀನಿನದ್ದೇ. ನಿಮ್ಮ ಗೆಳೆಯರು 'ಎಲ್ಲ' ಅಂದಿದ್ದರಲ್ಲಿ ತಪ್ಪೇನಿಲ್ಲ ಅಂತ ಈಗ ನನಗೂ ಅನ್ನಿಸುತ್ತಿದೆ. ಆದರೆ ಎಲ್ಲ ದ್ವೀಪದಲ್ಲೂ ಇದೇ ಲೆಕ್ಕ ಇರುವುದಿಲ್ಲ.

ಇದು ಈಗಿನವರು ಕಂಡುಹಿಡಿದ ಸಂಗತಿ ಅಂದುಕೊಳ್ಳಬೇಡಿ. 1836ರ ಏಪ್ರಿಲ್‌ನಲ್ಲಿ ಚಾರ್ಲ್ಸ್ ಡಾರ್ವಿನ್ ಹಿಂದೂ ಮಹಾಸಾಗರದ ಕೋಕೋಸ್ ದ್ವೀಪಗಳಿಗೆ ಬಂದಿದ್ದ. ಆಗ ಅವನಿಗೆ 27 ವರ್ಷ. ಈ ಮೀನುಗಳು ಹಿಂಡುಹಿಂಡಾಗಿ ಹವಳ ಮೇಯುತ್ತವೆ ಎಂದು ಅಲ್ಲಿದ್ದವರೊಬ್ಬರು ಹೇಳಿದರು. ಅವನು ಕೇಳಿ ಸುಮ್ಮನಾಗಲಿಲ್ಲ. ಕೆಲವು ಮೀನುಗಳ ಕರುಳು ಬಗೆದು ನೋಡಿದ. ಒಳಗೆ ಹಳದಿ ಛಾಯೆಯ, ಸುಣ್ಣದಂಥ ಮರಳು ಕೆಸರು ತುಂಬಿತ್ತು. ಅದನ್ನು ಬರೆದಿಟ್ಟ. ಹವಳದ ಉಂಗುರದಂಥ ಈ ದ್ವೀಪಗಳು ನಿಧಾನವಾಗಿ ಕುಸಿಯುವ ಜ್ವಾಲಾಮುಖಿಗಳ ಸುತ್ತ ಬೆಳೆದಂಥವು ಎನ್ನುವುದು ಅವನ ವಾದ. ಒಪ್ಪದವರು ಬಹಳ ಮಂದಿ ಇದ್ದರು. 1952ರಲ್ಲಿ ಪೆಸಿಫಿಕ್‌ನ ಎನೆವೆಟಾಕ್ ದ್ವೀಪದಲ್ಲಿ ಕೊಳವೆ ಕೊರೆದರು. 1,200 ಮೀಟರಿಗೂ ಜಾಸ್ತಿ ಆಳದವರೆಗೆ ಬರೀ ಹವಳದ ಸುಣ್ಣ, ಅದರ ಕೆಳಗೆ ಜ್ವಾಲಾಮುಖಿಯ ಕಪ್ಪು ಕಲ್ಲು ಸಿಕ್ಕಿತು. ಡಾರ್ವಿನ್ ಹೇಳಿದ್ದೇ ಸರಿಯಾಗಿತ್ತು.

ಇದನ್ನೆಲ್ಲ ಓದುವುದಕ್ಕಿಂತ ನೋಡುವುದೇ ಚೆಂದ. ಸ್ನಾರ್ಕೆಲಿಂಗ್‌ಗೆ ಇಳಿದಾಗ ಕೈಕಾಲು ಬಡಿಯದೆ, ನೀರಿನೊಳಗೆ ಮುಖವಿಟ್ಟು ಸುಮ್ನೆ ತೇಲಿ. ಮೊದಲು ಏನೂ ಕೇಳುವುದಿಲ್ಲ. ಒಂದೆರಡು ನಿಮಿಷಕ್ಕೆ 'ಕರ್... ಕರ್...' ಎಂದು ಕಲ್ಲುಸಕ್ಕರೆ ಕಡಿದ ಹಾಗೆ ಸದ್ದು ಕೇಳಿಸುತ್ತದೆ. ಆ ಕಡೆ ನೋಡಿದರೆ ಗಿಳಿಮೀನು ಬಂಡೆಗೆ ಬಾಯಿ ಹಾಕಿರುತ್ತದೆ. ಅದು ಬಾಯಿ ಎತ್ತಿದ ಜಾಗದಲ್ಲಿ ಉಗುರಿನಿಂದ ಗೀರಿದಂಥ ಬಿಳಿ ಗುರುತು ಉಳಿದಿರುತ್ತದೆ. ಹಿಂದೆಯೇ ಸ್ವಲ್ಪ ದೂರ ಈಜಿ, ಬಾಲದ ಬುಡದಿಂದ ಬಿಳಿ ಹೊಗೆಯಂಥದ್ದನ್ನು ಬಿಟ್ಟು ಹೋಗುತ್ತದೆ. ಹೊಗೆ ನಿಧಾನವಾಗಿ ಕೆಳಗಿಳಿಯುತ್ತದೆ. ಬೀಚು ತಯಾರಾಗುವುದನ್ನು ಕಣ್ಣಾರೆ ನೋಡಿದ ಹಾಗಾಯಿತು, ಅಲ್ವಾ?

ಉಳಿದ ಮರಳು ಯಾರದ್ದು? ಹಾಲಿಮೀಡಾ ಎಂಬ ಹಸಿರು ಪಾಚಿಯಿದೆ. ಅದರ ಎಲೆಯಂಥ ಬಿಲ್ಲೆಗಳೊಳಗೆ ಸುಣ್ಣ ತುಂಬಿರುತ್ತದೆ. ಸತ್ತ ಮೇಲೆ ಹಸಿರು ಹೋಗಿ ಬಿಳಿ ಚೂರು ಉಳಿಯುತ್ತದೆ. ಚಿಪ್ಪುಗಳ ಪುಡಿ, ಸೀ ಅರ್ಚಿನ್ ಎಂಬ ಮೈತುಂಬ ಮುಳ್ಳಿರುವ ಕಡಲಜೀವಿಯ ಪುಡಿ ಇರುತ್ತದೆ. ಜೊತೆಗೆ ಫೊರಾಮಿನಿಫೆರಾ ಎಂಬ ಒಂದೇ ಜೀವಕೋಶದ ಜೀವಿಗಳು ಕಟ್ಟಿಕೊಂಡ ಪುಟ್ಟ ಗೂಡುಗಳೂ ಸೇರುತ್ತವೆ. ಜಪಾನಿನ ದಕ್ಷಿಣದ ತುದಿಯಲ್ಲಿರುವ ಇರಿಯೊಮೊಟೆ, ತಾಕೆಟೊಮಿ ದ್ವೀಪಗಳಲ್ಲಿ ಈ ಗೂಡುಗಳು ನಕ್ಷತ್ರದ ಆಕಾರದಲ್ಲಿರುತ್ತವೆ. ಅಂಗೈಯನ್ನು ಮರಳಿಗೆ ಒತ್ತಿ ಎತ್ತಿದರೆ ಚರ್ಮಕ್ಕೆ ಪುಟ್ಟಪುಟ್ಟ ನಕ್ಷತ್ರ ಅಂಟಿಕೊಂಡಿರುತ್ತವೆ. ಬಹಾಮಾಸ್‌ನ ಹಾರ್ಬರ್ ದ್ವೀಪದ ಬೀಚು ಗುಲಾಬಿ ಬಣ್ಣಕ್ಕಿರುವುದೂ ಕೆಂಪು ಗೂಡಿನ ಇಂಥದ್ದೇ ಜೀವಿಯಿಂದ.

ನಿಮ್ಮ ಮಗಳಿಗೆ ಒಂದು ಆಟ ಹೇಳಿಕೊಡುತ್ತೇನೆ. ಚಿಟಿಕೆ ಮರಳಿನ ಮೇಲೆ ಎರಡು ಹನಿ ವಿನೆಗರ್ ಬಿಡಲಿ. ಸಣ್ಣಗೆ ಗುಳ್ಳೆ ಎದ್ದರೆ ಅದು ಸುಣ್ಣದ ಮರಳು, ಅಂದರೆ ಒಂದು ಕಾಲದಲ್ಲಿ ಯಾವುದೋ ಜೀವಿಯ ಮೈಯಲ್ಲಿದ್ದದ್ದು. ನಿಂಬೆರಸವೂ ಆಗುತ್ತದೆ. ಬೆಳ್ಳಗಿದ್ದ ಮಾತ್ರಕ್ಕೆ ಗುಳ್ಳೆ ಬರುತ್ತದೆ ಅಂತೇನಿಲ್ಲ. ಆಸ್ಟ್ರೇಲಿಯಾದ ವಿಟ್‌ಸಂಡೇ ದ್ವೀಪದ ವೈಟ್‌ಹೇವನ್ ಬೀಚು ಹಾಲಿನಷ್ಟು ಬಿಳಿ, ಆದರೆ ಅದು ಹೆಚ್ಚುಕಡಿಮೆ ಪೂರ್ತಿ ಸಿಲಿಕಾ ಎಂಬ ಖನಿಜ, ಸುಣ್ಣವಲ್ಲ. ಅಲ್ಲಿ ಬಾಟಲಿಗಟ್ಟಲೆ ವಿನೆಗರ್ ಸುರಿದರೂ ಏನೂ ಆಗದು. ಹವಾಯಿಯ ಪುನಲೂಉ ಬೀಚು ಕಪ್ಪು. ಕುದಿಯುವ ಲಾವಾ ಸಮುದ್ರಕ್ಕೆ ಬಿದ್ದು ಸಿಡಿದು ಚೂರಾಗಿ ಆದ ಮರಳು ಅದು. ಅದೇ ದ್ವೀಪದ ಪಾಪಾಕೋಲಿಯಾದಲ್ಲಿ ಆಲಿವಿನ್ ಖನಿಜದಿಂದಾಗಿ ಮರಳು ಹಸಿರಾಗಿದೆ. ಕಪ್ಪು ಮರಳಿಗೆ ಹೋಗುವಾಗ ಚಪ್ಪಲಿ ಮರೆಯಬೇಡಿ, ಮಧ್ಯಾಹ್ನ ಕಾದ ಹೆಂಚಿನ ಹಾಗೆ ಸುಡುತ್ತದೆ. ಬಿಳಿ ಮರಳು ಬಿಸಿಲನ್ನು ವಾಪಸ್ ಎಸೆಯುವುದರಿಂದ ಕಾಲಿಗೆ ಅಷ್ಟು ಬಿಸಿ ತಾಗುವುದಿಲ್ಲ. ಹಾಗೆ ಎಸೆದ ಬಿಸಿಲು ನಿಮ್ಮ ಮುಖಕ್ಕೇ ಬೀಳುತ್ತದೆ. ಕೊಡೆಯ ಕೆಳಗೆ ಕೂತವರ ಮೂಗೂ ಸಂಜೆಗೆ ಕೆಂಪಾಗುವುದು ಹೀಗೆ.

ಇನ್ನೊಂದು ಮಾತು. ಇದನ್ನು ಮೊದಲೇ ತಿಳಿದಿದ್ದರೆ ಹೋಟೆಲಿನವರ ಜೊತೆ ಜಗಳ ತಪ್ಪುತ್ತದೆ. ಫೋಟೋದಲ್ಲಿ ನೋಡಿದ ಅಗಲವಾದ ಬೀಚು ನೀವು ಹೋದಾಗ ಅಲ್ಲೇ ಇರಬೇಕು ಅಂತೇನಿಲ್ಲ. ಮಾಲ್ಡೀವ್ಸ್‌ನ ಅನೇಕ ಸಣ್ಣ ದ್ವೀಪಗಳಲ್ಲಿ ಮರಳು ವರ್ಷಕ್ಕೆರಡು ಸಲ ಜಾಗ ಬದಲಿಸುತ್ತದೆ. ಅಲ್ಲಿನವರು ನೈಋತ್ಯ ಮಾನ್ಸೂನಿಗೆ ಹುಳಂಗು ಅನ್ನುತ್ತಾರೆ, ಈಶಾನ್ಯದ್ದಕ್ಕೆ ಇರುವೈ. ಹುಳಂಗುವಿನಲ್ಲಿ ಅಲೆಗಳು ಮರಳನ್ನು ಪೂರ್ವದ ದಡಕ್ಕೆ ತಳ್ಳುತ್ತವೆ, ಇರುವೈ ಬಂದಾಗ ಮತ್ತೆ ಪಶ್ಚಿಮಕ್ಕೆ. ಒಂದು ಕಡೆ ಗಿಡದ ಬೇರು ಹೊರಗೆ ಕಾಣುತ್ತಿದ್ದರೆ ಬೇಸರ ಬೇಡ, ಇನ್ನೊಂದು ಕಡೆಗೆ ನಡೆದು ನೋಡಿ. ಸಣ್ಣ ದ್ವೀಪ ಸುತ್ತಲು ಅರ್ಧ ಗಂಟೆ ಸಾಕು.

ಅದೇ ಮರಳಿನ ಕೆಳಗೆ ಕುಡಿಯುವ ನೀರೂ ಇರುತ್ತದೆ. ಮಳೆನೀರು ಮರಳಿನಲ್ಲಿ ಇಂಗಿ, ಉಪ್ಪುನೀರಿಗಿಂತ ಹಗುರವಾದ್ದರಿಂದ ಅದರ ಮೇಲೆ ತೇಲುತ್ತದೆ. ಸಿಹಿನೀರು ಸಮುದ್ರಮಟ್ಟಕ್ಕಿಂತ ಒಂದು ಮೀಟರ್ ಮೇಲಿದ್ದರೆ ಕೆಳಗೆ ಸುಮಾರು 40 ಮೀಟರಿನವರೆಗೂ ಇರಬಹುದು ಎನ್ನುವುದು ಪುಸ್ತಕದ ಲೆಕ್ಕ. ತಗ್ಗಿನ ದ್ವೀಪಗಳಲ್ಲಿ ಅಷ್ಟು ಎತ್ತರ ಸಿಗುವುದೇ ಕಷ್ಟ, ಹಾಗಾಗಿ ನೀರಿನ ಪದರ ತೆಳುವಾಗಿರುತ್ತದೆ. ಜಾಸ್ತಿ ಸೇದಿದರೆ ಬಾವಿ ಉಪ್ಪಾಗುತ್ತದೆ. ನಲ್ಲಿ ಬಿಟ್ಟು ಹಲ್ಲುಜ್ಜಬೇಡಿ ಅಂತ ಅವರು ಬೋರ್ಡು ಹಾಕಿದ್ದರೆ ಅದು ಜಿಪುಣತನ ಅಲ್ಲ.

ಈಗ ಬಾಟಲಿಗೆ ಬರೋಣ. ತರಬೇಡಿ. ಒಂದು ಬಾಟಲಿಯಿಂದ ದ್ವೀಪ ಮುಳುಗುವುದಿಲ್ಲ ನಿಜ. ಆದರೆ ಲಕ್ಷಗಟ್ಟಲೆ ಜನ ಬಂದುಹೋಗುವ ಜಾಗದಲ್ಲಿ ಬಾಟಲಿ ತಂದವರು ನೀವೊಬ್ಬರೇ ಅಲ್ಲ. ಹವಾಯಿಯಲ್ಲಿ ಬೀಚಿನಿಂದ ಮರಳು, ಸತ್ತ ಹವಳ ಒಯ್ಯುವುದು ಕಾನೂನಿಗೆ ವಿರುದ್ಧ. ಅಲ್ಲಿನ ಜ್ವಾಲಾಮುಖಿ ರಾಷ್ಟ್ರೀಯ ಉದ್ಯಾನಕ್ಕೆ ಇನ್ನೊಂದು ಪೇಚು. ಕಲ್ಲು ಒಯ್ದವರಿಗೆ ಪೆಲೆ ದೇವಿಯ ಶಾಪ ತಟ್ಟುತ್ತದೆ ಎಂಬ ಮಾತಿದೆ. ಮನೆಗೆ ಹೋದ ಮೇಲೆ ಏನಾದರೂ ಕೆಟ್ಟದ್ದಾದರೆ ಜನ ಹೆದರಿ ಕಲ್ಲುಗಳನ್ನು ಅಂಚೆಯಲ್ಲಿ ವಾಪಸ್ ಕಳಿಸುತ್ತಾರೆ. ಲಕ್ಷದ್ವೀಪ, ಅಂಡಮಾನ್ ಕಡೆ ಹೋಗುವುದಾದರೆ ಹವಳದ ಒಂದು ತುಂಡೂ ಚೀಲದಲ್ಲಿ ಬೇಡ. ಬಂಡೆ ಕಟ್ಟುವ ಹವಳಗಳಿಗೆ ಭಾರತದ ವನ್ಯಜೀವಿ ಕಾನೂನಿನ ರಕ್ಷಣೆಯಿದೆ, ಹುಲಿಗೆ ಇರುವಂಥದ್ದೇ.

'ಹಾಗಾದರೆ ಒಂದು ಖಾಲಿ ಚಿಪ್ಪು?' ಅಂತ ಮಗಳು ಕೇಳಿಯೇ ಕೇಳುತ್ತಾಳೆ. ಖಾಲಿ ಚಿಪ್ಪಿಗೆ ಬಾಡಿಗೆದಾರರು ಕಾಯುತ್ತಿರುತ್ತಾರೆ. ಸನ್ಯಾಸಿ ಏಡಿಗೆ ಸ್ವಂತ ಚಿಪ್ಪಿಲ್ಲ, ಬಸವನಹುಳು ಬಿಟ್ಟುಹೋದದ್ದರಲ್ಲಿ ಸಂಸಾರ. ಬೆಳೆದ ಹಾಗೆ ಮನೆ ಬದಲಿಸಬೇಕು. ಒಂದು ದೊಡ್ಡ ಚಿಪ್ಪು ಸಿಕ್ಕಿತು ಅನ್ನಿ, ಕೆಲವೊಮ್ಮೆ ಏಡಿಗಳು ಗಾತ್ರದ ಪ್ರಕಾರ ಸಾಲಾಗಿ ನಿಲ್ಲುತ್ತವೆ. ಎಲ್ಲಕ್ಕಿಂತ ದೊಡ್ಡದು ಹೊಸ ಚಿಪ್ಪಿಗೆ ಹೋದ ತಕ್ಷಣ ಅದು ಬಿಟ್ಟದ್ದಕ್ಕೆ ಎರಡನೆಯದು, ಅದು ಬಿಟ್ಟದ್ದಕ್ಕೆ ಮೂರನೆಯದು, ಹೀಗೆ ಸಾಲು ಪೂರ್ತಿ ಮನೆ ಬದಲಾಗುತ್ತದೆ. ಡಾರ್ವಿನ್ ಹೋಗಿದ್ದ ಅದೇ ಕೋಕೋಸ್ ದ್ವೀಪಗಳಲ್ಲಿ ಈಗಿನ ಕಥೆ ಬೇರೆ. ತೇಲಿಬಂದ ಪ್ಲಾಸ್ಟಿಕ್ ಬಾಟಲಿಯೊಳಗೆ ಏಡಿ ನುಗ್ಗುತ್ತದೆ, ಜಾರುವುದರಿಂದ ಹೊರಗೆ ಬರಲಾಗದೆ ಸಾಯುತ್ತದೆ. ಸತ್ತ ಏಡಿಯ ವಾಸನೆ ಅಂದರೆ ಉಳಿದವುಗಳಿಗೆ 'ಇಲ್ಲೊಂದು ಮನೆ ಖಾಲಿ' ಎಂಬ ಸುದ್ದಿ. ಅವೂ ಬಂದು ಅದೇ ಬಾಟಲಿಗೆ ಬೀಳುತ್ತವೆ. ಹೀಗೆ ಅಲ್ಲಿ 5 ಲಕ್ಷಕ್ಕೂ ಹೆಚ್ಚು ಏಡಿಗಳು ಸತ್ತಿವೆ ಎಂದು ವಿಜ್ಞಾನಿಗಳು ಅಂದಾಜು ಮಾಡಿದ್ದಾರೆ.

ಇನ್ನು ನೀರಿನಲ್ಲಿ ಬಿದ್ದಿರುವ, ಕೋನ್ ಆಕಾರದ, ಚಿತ್ತಾರದ ಚಿಪ್ಪನ್ನಂತೂ ಮುಟ್ಟಲೇಬೇಡಿ. ಇದನ್ನು ಮಕ್ಕಳಿಗೆ ಗಟ್ಟಿಯಾಗಿ ಹೇಳಿ. ಒಳಗೆ ಕೋನ್ ಬಸವನಹುಳು ಜೀವಂತ ಇದ್ದರೆ ಬಾಣದಂಥ ಮುಳ್ಳಿನಿಂದ ಚುಚ್ಚುತ್ತದೆ. ಈ ಗುಂಪಿನ ಕೆಲವು ಜಾತಿಗಳ ವಿಷಕ್ಕೆ ಮನುಷ್ಯರು ಸತ್ತಿದ್ದಾರೆ. ಆ ವಿಷಕ್ಕೆ ಮದ್ದು ಇನ್ನೂ ಇಲ್ಲ.

ಮರಳು ಒಯ್ಯದೇ ಇರುವುದಕ್ಕಿಂತ ಮರಳು ಮಾಡುವವರನ್ನು ಉಳಿಸುವುದು ದೊಡ್ಡದು. ಬೆಲೀಜ್ 2009ರಲ್ಲೇ ಗಿಳಿಮೀನು ಹಿಡಿಯುವುದನ್ನು ನಿಷೇಧಿಸಿತು. ಎಲ್ಲ ಕಡೆ ನಿಷೇಧವಿಲ್ಲ, ಊಟದ ಪಟ್ಟಿಯಲ್ಲಿ ಅದರ ಹೆಸರು ಕಂಡರೆ ಬೇರೆ ಮೀನು ಕೇಳಿ. ಹವಳಕ್ಕೆ ಹಾನಿ ಮಾಡುವ ಸನ್‌ಸ್ಕ್ರೀನನ್ನು ಪಲಾವ್ ದೇಶ 2020ರಿಂದ ಒಳಗೆ ಬಿಡುತ್ತಿಲ್ಲ. ಹವಾಯಿಯಲ್ಲಿ 2021ರಿಂದ ಆಕ್ಸಿಬೆನ್‌ಝೋನ್, ಆಕ್ಟಿನಾಕ್ಸೇಟ್ ಇರುವ ಸನ್‌ಸ್ಕ್ರೀನ್ ಮಾರುವ ಹಾಗಿಲ್ಲ. ಕೊಳ್ಳುವಾಗ ಡಬ್ಬಿಯ ಹಿಂದೆ ಈ ಎರಡು ಹೆಸರು ಹುಡುಕಿ, ಕಂಡರೆ ಅದನ್ನು ಕೊಳ್ಳಬೇಡಿ. ಉದ್ದ ತೋಳಿನ ಈಜುಡುಪು ಇದ್ದರೆ ಇನ್ನೂ ಒಳ್ಳೆಯದು. ಪಲಾವ್‌ನಲ್ಲಿ ಇಳಿದವರ ಪಾಸ್‌ಪೋರ್ಟಿನ ಮೇಲೆ 2017ರ ಕೊನೆಯಿಂದ ಒಂದು ಪ್ರತಿಜ್ಞೆಯನ್ನೇ ಮುದ್ರೆ ಒತ್ತುತ್ತಾರೆ. ನಿಮ್ಮ ದ್ವೀಪವನ್ನು ಕೆಡಿಸುವುದಿಲ್ಲ ಎಂದು ಅಲ್ಲಿನ ಮಕ್ಕಳಿಗೆ ಕೊಡುವ ಮಾತು ಅದು. ಸಹಿ ಹಾಕಿಯೇ ಒಳಗೆ ಹೋಗಬೇಕು.

ಮಗಳು ಮುಖ ಊದಿಸಿಕೊಂಡರೆ ಒಂದು ಉಪಾಯವಿದೆ. ಹವಾಯಿಯ ಕಾನೂನಿನಲ್ಲೇ ಒಂದು ವಿನಾಯಿತಿ ಬರೆದಿದ್ದಾರೆ. ಮೈಗೆ, ಬಟ್ಟೆಗೆ, ಆಟಿಕೆಗೆ, ಚೀಲಕ್ಕೆ ಗೊತ್ತಿಲ್ಲದೆ ಅಂಟಿಕೊಂಡು ಹೋದ ಮರಳು ಅಪರಾಧವಲ್ಲ. ಎಷ್ಟೇ ಕೊಡವಿದರೂ ಬ್ಯಾಗಿನ ಹೊಲಿಗೆಯಲ್ಲಿ ನಾಲ್ಕು ಕಾಳು ಉಳಿದೇ ಉಳಿಯುತ್ತದೆ. ಮನೆಗೆ ಬಂದು ಬಟ್ಟೆ ಒಗೆಯಲು ಹಾಕುವ ಮುಂಚೆ ಬ್ಯಾಗನ್ನು ಬಿಳಿ ಹಾಳೆಯ ಬದಲು ಕಪ್ಪು ಹಾಳೆಯ ಮೇಲೆ ಮಗುಚಿ. ವಿನೆಗರ್ ಪಕ್ಕದಲ್ಲೇ ಇರಲಿ.