ಕೆಲಸ ಮರೆಯುವ ಲಿವರ್ ಕೋಶಗಳು

ಕೋಲಾರ ಜಿಲ್ಲೆಯ ಯಾವ ಆರೋಗ್ಯ ಕೇಂದ್ರದಲ್ಲಿ ಕ್ಷಯದ ಮಾತ್ರೆ ಶುರುವಾದರೂ ಜೊತೆಗೊಂದು ಎಚ್ಚರಿಕೆ ಇರಲೇಬೇಕು: ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ ಕೂಡಲೇ ಬನ್ನಿ. ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಾಜಿನಮೈಡ್ ಮೂರೂ ಲಿವರ್‌ಗೆ ಪೆಟ್ಟು ಕೊಡಬಲ್ಲವು. ಲಿವರ್‌ಗೆ ಪೆಟ್ಟಾದಾಗ ರಕ್ತದಲ್ಲಿ ಏರುವ ಎಎಲ್‌ಟಿ ಕಿಣ್ವ ಸಾಮಾನ್ಯ ಮಿತಿಯ 5 ಪಟ್ಟು ದಾಟಿದರೆ, ಕಾಮಾಲೆಯಂಥ ಲಕ್ಷಣವಿದ್ದರೆ 3 ಪಟ್ಟಿಗೇ, ಅವನ್ನು ನಿಲ್ಲಿಸುತ್ತಾರೆ. ಐಸೋನಿಯಾಜಿಡ್ ಅನ್ನು ಪಳಗಿಸುವ ಎನ್‌ಎಟಿ2 ಕಿಣ್ವ ಕೆಲವರಲ್ಲಿ ನಿಧಾನ, ಅವರಿಗೆ ಅಪಾಯ ಹೆಚ್ಚು. ವಿಷತ್ವ ಪರೀಕ್ಷೆಗೆ ಬಳಸುವ ನಾಯಿಯಲ್ಲಂತೂ ಆ ಬಗೆಯ ಕಿಣ್ವವೇ ಇಲ್ಲ.

ಪ್ರಾಣಿಯನ್ನು ನಂಬಿ ಕೆಟ್ಟ ದೊಡ್ಡ ಉದಾಹರಣೆ 1993ರದು. ಅಮೆರಿಕದಲ್ಲಿ ಹೆಪಟೈಟಿಸ್ ಬಿ ರೋಗಿಗಳು 15 ಮಂದಿಗೆ ಫಿಯಾಲುರಿಡಿನ್ ಎಂಬ ಹೊಸ ಔಷಧವನ್ನು ಪ್ರಯೋಗವಾಗಿ ಕೊಟ್ಟರು. ಐವರು ಸತ್ತರು, ಇಬ್ಬರು ಲಿವರ್ ಕಸಿಯಿಂದ ಉಳಿದರು. ಪ್ರಾಣಿ ಪರೀಕ್ಷೆಗಳು ಈ ಅಪಾಯವನ್ನು ತೋರಿಸಿರಲಿಲ್ಲ.

ಹಾಗಾದರೆ ಔಷಧವನ್ನು ದೇಹದ ಹೊರಗೆ ಮನುಷ್ಯರ ಲಿವರ್ ಕೋಶಗಳ ಮೇಲೇ ಪರೀಕ್ಷಿಸಬಾರದೇಕೆ? ಲಿವರ್ ಕೋಶಗಳನ್ನು ಜೀವಂತವಾಗಿ ಬಿಡಿಸುವ ದಾರಿ 1993ಕ್ಕಿಂತ ಹಳೆಯದು. 1969ರಲ್ಲಿ ಬೆರಿ ಮತ್ತು ಫ್ರೆಂಡ್ ಎಂಬ ವಿಜ್ಞಾನಿಗಳು ಇಲಿಯ ಲಿವರ್‌ನ ರಕ್ತನಾಳಕ್ಕೆ ಕೊಲಾಜಿನೇಸ್ ಹರಿಸಿದರು; ಕೋಶಗಳನ್ನು ಹಿಡಿದಿಡುವ ಕೊಲಾಜನ್ ಎಂಬ ನಾರಿನ ಪ್ರೋಟೀನನ್ನು ಕರಗಿಸುವ ಕಿಣ್ವ ಅದು. ಇಂದಿನ ಕ್ರಮದಲ್ಲಿ ಮೊದಲು 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕ್ಯಾಲ್ಸಿಯಂ ಇಲ್ಲದ ದ್ರಾವಣ ಹರಿಸಿ ಕೋಶಗಳ ಬೆಸುಗೆ ಸಡಿಲಿಸುತ್ತಾರೆ. ಆಮೇಲೆ ಕ್ಯಾಲ್ಸಿಯಂ ಜೊತೆ ಕೊಲಾಜಿನೇಸ್ ಕೊಡುತ್ತಾರೆ, ಏಕೆಂದರೆ ಆ ಕಿಣ್ವಕ್ಕೆ ಕ್ಯಾಲ್ಸಿಯಂ ಬೇಕು. ಬಳಿಕ ಸೋಸಿ, ಸೆಂಟ್ರಿಫ್ಯೂಜ್ ಯಂತ್ರದಲ್ಲಿ ಮೆಲ್ಲಗೆ ತಿರುಗಿಸಿ ಕೋಶಗಳನ್ನು ತಳಕ್ಕೆ ಇಳಿಸುತ್ತಾರೆ. ಕಿಣ್ವ ಹೆಚ್ಚು ಹೊತ್ತು ನಿಂತರೆ ಕೋಶದ ಪೊರೆಯೇ ಹರಿಯುತ್ತದೆ.

ಕಷ್ಟ ಶುರುವಾಗುವುದು ಇಲ್ಲಿಂದ. ಚಪ್ಪಟೆ ತಟ್ಟೆಗೆ ಅಂಟಿದ ಕೋಶ ಬದುಕಿರುತ್ತದೆ, ಆದರೆ ಔಷಧ ಒಡೆಯುವ ಸೈಟೋಕ್ರೋಮ್ ಪಿ450 ಕಿಣ್ವಗಳು ಕೆಲವೇ ದಿನಗಳಲ್ಲಿ ಕುಸಿಯುತ್ತವೆ. ಗಡ್ಡೆಯಿಂದ ಬಂದ ಹೆಪ್‌ಜಿ2 ಕೋಶ ಎಷ್ಟು ಬೇಕಾದರೂ ಬೆಳೆಯುತ್ತದೆ, ಆ ಕಿಣ್ವಗಳು ಮಾತ್ರ ಅದರಲ್ಲಿ ತೀರ ಕಡಿಮೆ. 1989ರಲ್ಲಿ ಕೋಶಗಳ ಮೇಲೂ ಕೆಳಗೂ ಕೊಲಾಜನ್ ಹಾಸಿ ನೋಡಿದರು, ಆಯುಸ್ಸು ವಾರಗಳಿಗೆ ಏರಿತು. ಈಗಿನ ಚಾಲ್ತಿ ಸ್ಫೆರಾಯ್ಡ್. ಅಂಟದ ತಟ್ಟೆಯ ಒಂದೊಂದು ಗುಳಿಗೆ ಸುಮಾರು 1,500 ಕೋಶ ಬಿಟ್ಟರೆ ತಾವೇ ಉಂಡೆ ಕಟ್ಟುತ್ತವೆ. ಉಂಡೆ ತೀರ ದೊಡ್ಡದಾದರೆ ನಡುವಿಗೆ ಆಮ್ಲಜನಕ ತಲುಪದೆ ಒಳಗಿನ ಕೋಶಗಳು ಸಾಯುತ್ತವೆ. ಗಾತ್ರದ ಈ ಮಿತಿಯೇ ಮುಂದಿನ ಎಲ್ಲ ಪ್ರಯತ್ನಗಳಿಗೂ ಅಡ್ಡ ನಿಂತಿದೆ ಎಂಬುದು ನಮ್ಮ ಅಭಿಪ್ರಾಯ.

2013ರಲ್ಲಿ ಜಪಾನಿನ ವಿಜ್ಞಾನಿ ತಾಕೆಬೆಯವರ ತಂಡ ಐಪಿಎಸ್ ಕೋಶಗಳಿಂದ (ಬೆಳೆದ ಕೋಶವನ್ನೇ ಮತ್ತೆ ಮೂಲ ಹಂತಕ್ಕೆ ತಂದ ಕಾಂಡಕೋಶಗಳು) ಪುಟ್ಟ ಲಿವರ್ ಮೊಗ್ಗು ಬೆಳೆಸಿತು. ರಕ್ತನಾಳದ ಕೋಶಗಳನ್ನೂ ಬೆರೆಸಿದ್ದರಿಂದ ಇಲಿಯೊಳಗೆ ಅದಕ್ಕೆ ರಕ್ತ ಹರಿಯಿತು. ಆದರೂ ಇಂಥ ಕೋಶಗಳು ಭ್ರೂಣದ ಹಂತದಲ್ಲೇ ಉಳಿಯುತ್ತವೆ: ಭ್ರೂಣದ ಲಿವರ್ ತಯಾರಿಸುವ ಆಲ್ಫಾ ಫೀಟೊಪ್ರೋಟೀನ್ ಹೆಚ್ಚು, ಬೆಳೆದ ಲಿವರ್‌ನ ಮುಖ್ಯ ಪಿ450 ಕಿಣ್ವ ಸಿವೈಪಿ3ಎ4 ಕಡಿಮೆ. 2015ರಲ್ಲಿ ಪಕ್ಕದ ಬೆಂಗಳೂರಿನ ಪಾಂಡೋರಂ ಕಂಪನಿಯೂ 3ಡಿ ಮುದ್ರಿತ ಲಿವರ್ ಅಂಗಾಂಶವನ್ನು ಪ್ರಕಟಿಸಿತು. ಕೋಶಗಳನ್ನು ಕೂರಿಸಿ ಸಣ್ಣ ಕಾಲುವೆಗಳಲ್ಲಿ ದ್ರವ ಹರಿಸುವ ಚಿಪ್‌ಗಳಲ್ಲಿ ಇನ್ನೊಂದು ತೊಡಕು: ಅವನ್ನು ಮಾಡುವ ಪಿಡಿಎಂಎಸ್ ಎಂಬ ಸಿಲಿಕೋನ್ ರಬ್ಬರ್ ಕೊಬ್ಬಿನಲ್ಲಿ ಕರಗುವ ಔಷಧವನ್ನು ಹೀರುತ್ತದೆ. ಕೋಶಕ್ಕೆ ಸಿಗುವ ಪ್ರಮಾಣ ಕಡಿಮೆಯಾಗಿ, ವಿಷವೂ ಸುರಕ್ಷಿತವೆಂದು ಕಾಣಬಹುದು.

2022ರ ಕೊನೆಗೆ ಅಮೆರಿಕ, 2023ರಲ್ಲಿ ಭಾರತ ಪ್ರಾಣಿಯ ಬದಲು ಕೋಶಗಳ ಮೇಲೆ ನಡೆಸುವ ಇಂಥ ಔಷಧ ಪರೀಕ್ಷೆಗಳಿಗೆ ಕಾನೂನಿನಲ್ಲಿ ಜಾಗ ಕೊಟ್ಟವು. ಈ ಕೋಶಗಳಿಂದ ರೋಗಿಗೆ ಚಿಕಿತ್ಸೆ ಮಾತ್ರ ದೂರವೇ ಇದೆ. ಗಡ್ಡೆಮೂಲದ ಕೋಶ ತುಂಬಿದ ಇಎಲ್‌ಎಡಿ ಎಂಬ ದೇಹದ ಹೊರಗಿನ ಲಿವರ್ ಯಂತ್ರ 2018ರ ಕೊನೆಯ ಹಂತದ ಪ್ರಯೋಗದಲ್ಲಿ ರೋಗಿಗಳ ಆಯುಸ್ಸು ಹೆಚ್ಚಿಸಲಿಲ್ಲ. ಇಡೀ ಲಿವರ್ ಬೆಳೆಸಬೇಕೆಂದರೆ ರಕ್ತನಾಳದ ಜಾಲದ ಜೊತೆಗೆ, ಪಿತ್ತ ಕರುಳಿಗೆ ಇಳಿಯುವ ನಾಳವೂ ಬೇಕು.